ವೇಷಕ್ಕೆ ತಕ್ಕ ಚೌಕಟ್ಟು

ಉಪ್ಪುಂದ, ನಾಗೂರು, ಕಿರಿಮಂಜೇಶ್ವರ, ಕಂಬದಕೋಣೆ ಕಡೆಯ ಹಳೆಯ ಮನೆಗಳ ಚಾವಡಿ ಗೋಡೆಯಲ್ಲಿ ದೇವರ ಪಟ, ಮದುವೆ ಪಟಗಳ ಸಾಲಿನಲ್ಲಿ ಒಮ್ಮೊಮ್ಮೆ ಯಕ್ಷಗಾನ ವೇಷದ ಪಟವೊಂದು ಕಣ್ಣಿಗೆ ಬೀಳುತ್ತದೆ. ಮುಂಡಾಸು ಕಟ್ಟಿ, ಎದೆಕಟ್ಟು, ಭುಜಕೀರ್ತಿ ತೊಟ್ಟು, ಕೈಯಲ್ಲಿ ಬಿಲ್ಲು ಹಿಡಿದು ಸಾದಾ ಪರದೆಯ ಮುಂದೆ ನೆಟ್ಟಗೆ ನಿಂತ ಕಲಾವಿದ. ಯಾರೆಂದು ಕೇಳಿದರೆ, “ಅದ್ ನಮ್ ಅಜ್ಜಯ್ಯ, ಮೇಳದಂಗ್ ಇದ್ದಿದ್ರ್. ಯಾವ್ ವೇಷ ಅಂದೇಳಿ ಗೊತ್ತಿಲ್ಲೆ” ಎಂಬ ಉತ್ತರ ಬರುತ್ತದೆ. ವೇಷ ಯಾವುದು, ಮೇಳದಲ್ಲಿ ಅಜ್ಜಯ್ಯನ ಸ್ಥಾನ ಯಾವುದು, ಫೋಟೊ ಸುಮಾರು ಯಾವ ಕಾಲದ್ದು ಎಂಬುದಕ್ಕೆ ಆ ಪಟದಲ್ಲೇ ಸಾಕಷ್ಟು ಸುಳಿವು ಇರುತ್ತದೆ. ನೋಡುವ ಕ್ರಮ ಗೊತ್ತಿರಬೇಕು ಅಷ್ಟೆ. ಅಂದಿನ ಫೋಟೊಗ್ರಾಫರ್ ಚೌಕಟ್ಟು ಕಟ್ಟಿದ್ದೇ ವೇಷ ಪೂರ್ತಿ ಕಾಣಲಿ ಎಂದು. ಇಂದು ಚೌಕಿಗೆ, ಎಂದರೆ ವೇಷ ಕಟ್ಟುವ ಜಾಗಕ್ಕೆ, ಮೊಬೈಲು ಹಿಡಿದು ಹೋಗುವ ನಾವು ಮುಖ ಮಾತ್ರ ಹಿಡಿದು ಬರುತ್ತೇವೆ. ಹಳೆಯ ವೇಷದ ಪಟವನ್ನು ಓದುವುದು, ಉಳಿಸುವುದು, ಅದೇ ಶಿಸ್ತಿನಲ್ಲಿ ಹೊಸದೊಂದನ್ನು ತೆಗೆಯುವುದು ಹೇಗೆ ಎಂಬುದನ್ನು ಇಲ್ಲಿ ಹೇಳಿದೆ.

ಪಟ ಓದುವ ಕ್ರಮ

ಮೊದಲು ಮುಖ ನೋಡಬೇಡಿ, ಪಾದ ನೋಡಿ. ಗೆಜ್ಜೆ ಕಾಣುತ್ತಿದ್ದರೆ ಅದು ಪೂರ್ಣ ವೇಷದ ಪಟ. ಗೆಜ್ಜೆ ಕಾಣದೆ ಚಿತ್ರ ಕಾಲಿನ ಗಂಟಿನ ಹತ್ತಿರ ತುಂಡಾಗಿದ್ದರೆ ಬಹುಮಟ್ಟಿಗೆ ಅದು ಫೋಟೊಗ್ರಾಫರನ ಕೆಲಸವಲ್ಲ. ಮುಂದೆ ಯಾವಾಗಲೋ ಫ್ರೇಮು ಹಾಕಿದವರು ಅಳತೆಗೆ ಕತ್ತರಿಸಿರುತ್ತಾರೆ, ಇಲ್ಲವೇ ರಟ್ಟಿನ ಅಂಚಿನಡಿ ಅದು ಮುಚ್ಚಿಹೋಗಿರುತ್ತದೆ. ಫ್ರೇಮಿನ ಹಿಂಬದಿ ಬಿಚ್ಚಿ ನೋಡಿದರೆ ಮುಚ್ಚಿಹೋದ ಪಾದ, ಪರದೆಯ ತುದಿ, ರಟ್ಟಿನ ಮೇಲಿನ ಸ್ಟುಡಿಯೊ ಮುದ್ರೆ ಎಲ್ಲ ಸಿಕ್ಕೀತು.

ಪಾದದಿಂದ ಮೇಲಕ್ಕೆ ಬನ್ನಿ. ಕಸೆ ಹಾಕಿ ಉಟ್ಟ ಚೌಕುಳಿ ಸೀರೆ, ಸೊಂಟದ ಡಾಬು, ದಗಲೆ, ಎದೆಕಟ್ಟು, ತೋಳುಕಟ್ಟು, ಭುಜಕೀರ್ತಿ, ಕಿವಿಯ ಬದಿಯ ಕರ್ಣಪತ್ರ, ಕೊನೆಗೆ ತಲೆಯ ಕಟ್ಟು. ಯಕ್ಷಗಾನದ ನಮ್ಮ ಶೈಲಿಯಾದ ಬಡಗುತಿಟ್ಟಿನಲ್ಲಿ ಪಾತ್ರದ ಜಾತಕ ಇರುವುದು ತಲೆಯ ಮೇಲೆ. ಕೇದಗೆ ಮುಂದಲೆ ಇದ್ದರೆ ಅಭಿಮನ್ಯು, ಬಭ್ರುವಾಹನನಂಥ ಎಳೆಯ ವೀರ. ಅಟ್ಟೆ ಇಟ್ಟು ಬಟ್ಟೆ ಸುತ್ತಿ ಜರಿಪಟ್ಟಿ ಬಿಗಿದ ದೊಡ್ಡ ಮುಂಡಾಸು ಇದ್ದರೆ ಕರ್ಣನಂಥ ಪಳಗಿದ ವೀರ. ಕಿರೀಟ ಇದ್ದರೆ ಧರ್ಮರಾಯ, ದೇವೇಂದ್ರರಂಥ ರಾಜ ಪಾತ್ರ. ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು ದೊಡ್ಡ ಕಿರೀಟ ಹೊತ್ತಿದ್ದರೆ ಬಣ್ಣದ ವೇಷ, ಅಂದರೆ ರಾಕ್ಷಸ. ಇಷ್ಟು ತಿಳಿದರೆ ‘ಯಾವ ವೇಷ’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಬಂತು. ಉಳಿದರ್ಧಕ್ಕೆ ಊರಿನ ಹಳೆಯ ವೇಷಧಾರಿಗಳನ್ನೋ ಭಾಗವತರನ್ನೋ ಕೇಳಬೇಕು. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಗೊಂಬೆಯಾಟವನ್ನೂ ನೋಡಿ ಬನ್ನಿ ಎನ್ನುತ್ತೇನೆ. ಅಲ್ಲಿನ ಸೂತ್ರದ ಗೊಂಬೆಗಳು ತೊಡುವುದು ಇದೇ ಬಡಗುತಿಟ್ಟಿನ ವೇಷ. ಒಂದರ ಪಕ್ಕ ಒಂದು ಗೊಂಬೆ ನಿಲ್ಲಿಸಿ ನೋಡಿದರೆ ಮುಂಡಾಸಿಗೂ ಕಿರೀಟಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೂ ಹತ್ತು ನಿಮಿಷದಲ್ಲಿ ಮನಸ್ಸಿಗೆ ಇಳಿಯುತ್ತದೆ.

ಆಮೇಲೆ ಕೈ. ಬಿಲ್ಲು ಎಡಗೈಯಲ್ಲಿ, ಬಾಣವೋ ಕತ್ತಿಯೋ ಬಲಗೈಯಲ್ಲಿ ಇರುವುದು ವಾಡಿಕೆ. ನಿಮ್ಮ ಪಟದಲ್ಲಿ ಬಿಲ್ಲು ಬಲಗೈಯಲ್ಲಿದ್ದರೆ ಅಜ್ಜಯ್ಯ ಎಡಚರೆಂದು ಕೂಡಲೇ ತೀರ್ಮಾನಿಸಬೇಡಿ. ನೆಗೆಟಿವ್ ತಿರುಗಿಸಿ ಇಟ್ಟು ಪ್ರಿಂಟು ಹಾಕಿರುವ ಸಂಭವ ಹೆಚ್ಚು. ಹಿನ್ನೆಲೆಯಲ್ಲಿ ಏನಾದರೂ ಅಕ್ಷರವಿದ್ದರೆ, ದಗಲೆಯ ಗುಂಡಿ ಯಾವ ಬದಿಗಿದೆ ಎಂದು ಬೇರೆ ಪಟಕ್ಕೆ ಹೋಲಿಸಿದರೆ, ಸತ್ಯ ಗೊತ್ತಾಗುತ್ತದೆ.

ಕುಳಿತ ಭಂಗಿಯೇ, ನಿಂತ ಭಂಗಿಯೇ ಎಂಬುದೂ ಒಂದು ಸುಳಿವು. ಗುಬ್ಬಿ ಕಂಪೆನಿಯಂಥ ವೃತ್ತಿ ನಾಟಕದವರು ಸ್ಟುಡಿಯೊಗೆ ಹೋದಾಗ ಕೆತ್ತನೆಯ ಕುರ್ಚಿ, ಬಣ್ಣ ಬರೆದ ಪರದೆ, ಮಖಮಲ್ಲು, ಕತ್ತಿ ಇವೆಲ್ಲ ಚೌಕಟ್ಟಿನೊಳಗೆ ಬರುತ್ತಿದ್ದವು. ರಾಜ ಪಾತ್ರಧಾರಿ ಕೂತು ಒಂದು ಕೈಯನ್ನು ಕುರ್ಚಿಯ ತೋಳಿಗೆ ಚೆಲ್ಲಿದರೆ ಅರಮನೆಯೇ ಬಂದಂತೆ. ಯಕ್ಷಗಾನಕ್ಕೆ ಅದು ಹೊಂದುವುದಿಲ್ಲ. ನಮ್ಮಲ್ಲಿ ರಂಗದ ಮೇಲಿರುವ ಆಸನ ಒಂದೇ, ‘ರಥ’. ಅದೇ ಸಿಂಹಾಸನ, ಅದೇ ತೇರು. ವೇಷಧಾರಿ ಸ್ಟುಡಿಯೊದ ಕುರ್ಚಿಯಲ್ಲಿ ಕೂತರೆ ಭುಜಕೀರ್ತಿ ಕುರ್ಚಿಯ ಬೆನ್ನಿಗೆ ತಾಗುತ್ತದೆ, ಕಸೆಯ ನೆರಿಗೆ ಮಡಚಿಕೊಳ್ಳುತ್ತದೆ, ಗೆಜ್ಜೆ ಕಟ್ಟಿದ ಕಾಲು ಮರೆಯಾಗುತ್ತದೆ. ಆದ್ದರಿಂದ ಪುರುಷ ವೇಷಕ್ಕೆ ನಿಂತ ಭಂಗಿಯೇ ಸೈ. ಸ್ತ್ರೀವೇಷಕ್ಕೆ ಮಾತ್ರ ಕುಳಿತ ಭಂಗಿ ಚೆನ್ನಾಗಿ ಒಗ್ಗುತ್ತದೆ.

ಪಟ ಯಾರ ಕೃತಿ?

ಸ್ಟುಡಿಯೊ ಭಾವಚಿತ್ರದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 1854ರಲ್ಲಿ ಪ್ಯಾರಿಸ್ಸಿನ ಡಿಸ್ಡೆರಿ ಎಂಬಾತ ಭೇಟಿಚೀಟಿಯಷ್ಟು ಚಿಕ್ಕ ಭಾವಚಿತ್ರಗಳಿಗೆ ಪೇಟೆಂಟ್ ಪಡೆದ. ಮುಂದೆ ನಾಲ್ಕೂಕಾಲು ಇಂಚು ಅಗಲ, ಆರೂವರೆ ಇಂಚು ಎತ್ತರದ ‘ಕ್ಯಾಬಿನೆಟ್’ ಅಳತೆ ಬಂತು. ನಟ ನಟಿಯರ ಚಿತ್ರಗಳು ಅಂಗಡಿಯಲ್ಲಿ ಮಾರಾಟಕ್ಕೆ ಬಂದದ್ದು ಆ ಕಾಲದಲ್ಲೇ. ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ರಂಗಕಲಾವಿದರ ಭಾವಚಿತ್ರಕ್ಕೆ ಹೆಸರಾಗಿದ್ದವನು. ಅವನು 1882ರಲ್ಲಿ ಲೇಖಕ ಆಸ್ಕರ್ ವೈಲ್ಡ್‌ನ ಚಿತ್ರ ತೆಗೆದ. ಮುದ್ರಣ ಸಂಸ್ಥೆಯೊಂದು ಅದನ್ನು ಅನುಮತಿಯಿಲ್ಲದೆ ಅಚ್ಚು ಹಾಕಿತು. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಫೋಟೊ ಎಂದರೆ ಯಂತ್ರ ಹಿಡಿದುಕೊಟ್ಟದ್ದು, ಅದರಲ್ಲಿ ಕರ್ತೃ ಎಲ್ಲಿ ಎಂಬ ವಾದ ಎದುರಾಯಿತು. ಭಂಗಿ ಕೊಟ್ಟವನು, ಉಡುಪು ಪರದೆಗಳನ್ನು ಜೋಡಿಸಿದವನು, ಬೆಳಕು ನೆರಳು ಹದ ಮಾಡಿದವನು ಫೋಟೊಗ್ರಾಫರನೇ, ಹಾಗಾಗಿ ಕೃತಿ ಅವನದೇ ಎಂದು ಕೋರ್ಟು 1884ರಲ್ಲಿ ತೀರ್ಪು ಕೊಟ್ಟಿತು. ನಮ್ಮ ಊರಿನ ಹಳೆಯ ಪಟಗಳಿಗೂ ಇದು ಸಲ್ಲುವ ಮಾತು. ಅಜ್ಜಯ್ಯನ ಪಟವನ್ನು ಸ್ಮರಣ ಸಂಚಿಕೆಯಲ್ಲೋ ವಾಟ್ಸ್ಯಾಪ್ ಗುಂಪಿನಲ್ಲೋ ಹಾಕುವಾಗ ರಟ್ಟಿನ ಮೇಲೆ ಸ್ಟುಡಿಯೊ ಹೆಸರಿದ್ದರೆ ಅದನ್ನೂ ಬರೆಯಿರಿ. ಆ ಪಟ ಅವರ ಕೈಕೆಲಸ.

ಕಪ್ಪು ಕಂಡದ್ದೆಲ್ಲ ಕಪ್ಪಲ್ಲ

ಬಣ್ಣದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹಳೆಯ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ತಟ್ಟುತ್ತಿತ್ತು. 1873ರಲ್ಲಿ ಜರ್ಮನಿಯ ಫೋಗೆಲ್ ಎಂಬ ವಿಜ್ಞಾನಿ ಬಣ್ಣದ್ರವ್ಯ ಬೆರೆಸಿ ಪ್ಲೇಟಿಗೆ ಹಸಿರನ್ನೂ ಕಾಣಿಸುವ ದಾರಿ ಕಂಡುಹಿಡಿದ. ಆ ಬಗೆಯ ಫಿಲ್ಮಿಗೆ ಆರ್ಥೊಕ್ರೊಮ್ಯಾಟಿಕ್ ಎಂದು ಹೆಸರು. ಅದಕ್ಕೂ ಕೆಂಪು ಕುರುಡು. ಕೆಂಪನ್ನೂ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟು 1906ರಲ್ಲಿ ಮಾರುಕಟ್ಟೆಗೆ ಬಂದರೂ ಹಳೆಯ ಬಗೆ ಬಹುಕಾಲ ಬಳಕೆಯಲ್ಲಿತ್ತು. ಕೊಡಾಕ್ ಕಂಪೆನಿ ತನ್ನ ಜನಪ್ರಿಯ ವೆರಿಕ್ರೋಮ್ ರೋಲನ್ನು ಪ್ಯಾಂಕ್ರೊಮ್ಯಾಟಿಕ್ ಮಾಡಿದ್ದೇ 1956ರಲ್ಲಿ.

ಯಕ್ಷಗಾನದ ಪಟಕ್ಕೆ ಇದರಿಂದ ಏನಾಗುತ್ತದೆ ನೋಡಿ. ನಮ್ಮ ವೇಷದಲ್ಲಿ ಕೆಂಪು ಹಳದಿಯದೇ ರಾಜ್ಯಭಾರ. ಕೆಂಪು ಮುಂಡಾಸು, ಕೆಂಪು ದಗಲೆ, ಕೆಂಪು ಹಳದಿ ಚೌಕುಳಿಯ ಕಸೆ ಸೀರೆ, ಇಂಗಳೀಕ ಅರದಾಳ ಸೇರಿಸಿ ತೀಡಿದ ಮುಖ. ಕೆಂಪಿಗೆ ಕುರುಡಾದ ಫಿಲ್ಮಿನಲ್ಲಿ ಮುಂಡಾಸು, ದಗಲೆ ಕಪ್ಪಾಗುತ್ತವೆ. ಗುಲಾಬಿ ಬಣ್ಣದ ಮುಖ ಇದ್ದುದಕ್ಕಿಂತ ಕಂದಾಗಿ, ಅದರ ಮೇಲಿನ ಬಿಳಿ ನಾಮ ಎದ್ದು ನಿಲ್ಲುತ್ತದೆ. ನೀಲಿ ಮಾತ್ರ ಹಿಡಿಯುವ ಇನ್ನೂ ಹಳೆಯ ಪ್ಲೇಟಿನಲ್ಲಿ ಹಳದಿಯೂ ಕಪ್ಪಿಗೆ ತಿರುಗುವುದರಿಂದ ಸೀರೆಯ ಚೌಕುಳಿ ಅಳಿಸಿಹೋದಂತೆ ಕಾಣುತ್ತದೆ. ಬಡಗಿನಲ್ಲಿ ಕೆಂಪು ಮುಂಡಾಸೂ ಉಂಟು, ಕಪ್ಪು ಮುಂಡಾಸೂ ಉಂಟು. ಎರಡಕ್ಕೂ ಪಾತ್ರ ಬೇರೆ. ಹೀಗಿರುವಾಗ ಕಪ್ಪುಬಿಳುಪು ಪಟದಲ್ಲಿ ಕಪ್ಪಾಗಿ ಕಂಡ ಮಾತ್ರಕ್ಕೆ ಅದನ್ನು ಕಪ್ಪು ಮುಂಡಾಸು ಎಂದು ಬರೆದುಬಿಟ್ಟರೆ ಪಾತ್ರವೇ ಬದಲಾಗಿಹೋಗುತ್ತದೆ. ಅದೇ ಪಟದ ಕಸೆ ಸೀರೆಯನ್ನು ನೋಡಿ. ಕೆಂಪು ಇರಲೇಬೇಕಾದ ಚೌಕಗಳೂ ಮುಂಡಾಸಿನಷ್ಟೇ ಕಪ್ಪಾಗಿದ್ದರೆ ಮುಂಡಾಸೂ ಕೆಂಪೇ ಇದ್ದೀತು.

ಮೊಬೈಲಿನಲ್ಲಿ ಹಳೆಯ ಪಟಕ್ಕೆ ತಾನೇ ಬಣ್ಣ ತುಂಬುವ ಆ್ಯಪ್‌ಗಳ ಮೇಲೆ ನನಗೆ ಭರವಸೆಯಿಲ್ಲದಿರುವುದೂ ಇದೇ ಕಾರಣಕ್ಕೆ. ಅವು ಕಪ್ಪು ಕಂಡಲ್ಲಿ ಕಪ್ಪನ್ನೋ ಕಡು ನೀಲಿಯನ್ನೋ ತುಂಬುತ್ತವೆ. ಎರಡು ತಲೆಮಾರು ಕಳೆದ ಮೇಲೆ ಆ ಸುಳ್ಳು ಬಣ್ಣವೇ ದಾಖಲೆಯಾಗಿ ನಿಲ್ಲುತ್ತದೆ. ಬಣ್ಣ ತಿಳಿಯಬೇಕೆಂದರೆ ಕೋಟದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಓದಿ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಗ್ರಂಥದಲ್ಲಿ ವೇಷಭೂಷಣದ ವಿವೇಚನೆಯೂ ಇದೆ. ಮದ್ದಳೆವಾದಕ ಹಿರಿಯಡಕ ಗೋಪಾಲ ರಾಯರಲ್ಲಿ ಯಕ್ಷಗಾನ ಅಭ್ಯಾಸ ಮಾಡಿದ ಅಮೆರಿಕದ ಮಾರ್ಥಾ ಆಶ್ಟನ್, ಬ್ರೂಸ್ ಕ್ರಿಸ್ಟಿಯವರೊಂದಿಗೆ ಬರೆದ ಇಂಗ್ಲಿಷ್ ಪುಸ್ತಕ 1977ರದ್ದು. ಅದರಲ್ಲೂ ಬಡಗಿನ ವೇಷಗಳ ವಿವರ ಸಿಗುತ್ತದೆ.

ಕಡಲ ಗಾಳಿಯಿಂದ ಪಟ ಕಾಪಾಡುವುದು

ನಮ್ಮ ಕರಾವಳಿಯಲ್ಲಿ ಫೋಟೊಗೆ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಫೋಟೊದ ಮೇಲ್ಪದರ ಮೆತ್ತಗಾಗಿ ಗಾಜಿಗೆ ಅಂಟುತ್ತದೆ. ಅಂಟಿದ ಪಟವನ್ನು ಎಂದೂ ಕೀಳಬೇಡಿ. ಕಿತ್ತರೆ ಚಿತ್ರ ಗಾಜಿನಲ್ಲೇ ಉಳಿದು ಕಾಗದ ಮಾತ್ರ ಕೈಗೆ ಬರುತ್ತದೆ. ಗಾಜಿನ ಸಮೇತ ಪ್ರತಿ ತೆಗೆಯುವುದೇ ಕ್ಷೇಮ. ಪಟವನ್ನು ಹೊರಗೋಡೆಯಿಂದ ಒಳಗೋಡೆಗೆ ಸರಿಸಿ. ದೇವರ ದೀಪದ ಹೊಗೆ ತಾಗದ ಕಡೆ, ಬಿಸಿಲು ನೇರ ಬೀಳದ ಕಡೆ ಇರಲಿ. ಫ್ರೇಮಿನ ಹಿಂಬದಿಯ ನಾಲ್ಕು ಮೂಲೆಗೆ ಬಿರಡೆಯ ಚಿಕ್ಕ ತುಂಡು ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ, ಸೆಲ್ಲೊಟೇಪೂ ಬೇಡ. ಹಿಂಬದಿ ಬರೆಯುವುದಿದ್ದರೆ ಮೆತ್ತಗಿನ ಪೆನ್ಸಿಲಿನಲ್ಲಿ ಅಂಚಿಗೆ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಎದುರಿಗೆ ಮೂಡುತ್ತದೆ. ವೇಷಧಾರಿಯ ಹೆಸರು, ವೇಷ, ಪ್ರಸಂಗ, ಮೇಳ, ತಿರುಗಾಟದ ವರ್ಷ, ಈ ಐದು ಸಾಕು.

ಪ್ರತಿ ತೆಗೆಯುವ ಮೊದಲು ಪಟವನ್ನು ಅಳೆಯಿರಿ. ಆರೂವರೆ ಇಂಚಿಗೆ ಎಂಟೂವರೆ ಇಂಚು ಬಂದರೆ ಅದು ‘ಫುಲ್ ಪ್ಲೇಟ್’, ನಾಲ್ಕೂಮುಕ್ಕಾಲಿಗೆ ಆರೂವರೆ ಬಂದರೆ ‘ಹಾಫ್ ಪ್ಲೇಟ್’. ಗಾಜಿನ ನೆಗೆಟಿವ್ ಮೇಲೆ ಕಾಗದ ನೇರವಾಗಿ ಒತ್ತಿ ಮಾಡಿದ ಇಂಥ ಪ್ರತಿಗಳಲ್ಲಿ ಸೂಕ್ಷ್ಮ ವಿವರ ಅಪಾರ. ಭೂತಗನ್ನಡಿ ಹಿಡಿದರೆ ಎದೆಕಟ್ಟಿನ ಕನ್ನಡಿ ಚೂರುಗಳನ್ನು ಒಂದೊಂದಾಗಿ ಎಣಿಸಬಹುದು, ಬೇಗಡೆ ಎದ್ದುಹೋದ ಜಾಗದಲ್ಲಿ ಕೆಳಗಿನ ಮರ ಕಾಣುತ್ತದೆ. ಇಂಥವನ್ನು ಸ್ಕ್ಯಾನರಿನಲ್ಲಿ 1200 ಡಿಪಿಐಗೆ ತೆಗೆಸಿ. ಉಳಿದವಕ್ಕೆ 600 ಸಾಕು. ಸ್ಕ್ಯಾನರ್ ಸಿಗದಿದ್ದರೆ ಜಗಲಿಯಲ್ಲಿ ಪಟ ಮಲಗಿಸಿ, ಮೊಬೈಲನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು, ಫ್ಲಾಶ್ ಆರಿಸಿ ತೆಗೆಯಿರಿ. ಗಾಜಿನಲ್ಲಿ ನಿಮ್ಮ ನೆರಳೇ ಕಂಡರೆ ಕಪ್ಪು ಬಟ್ಟೆಗೆ ತೂತು ಮಾಡಿ, ಅದರೊಳಗಿಂದ ಲೆನ್ಸ್ ತೂರಿಸಿ ಹಿಡಿಯಿರಿ. ಬಿಳಿ ಅಂಚು, ರಟ್ಟು, ಮುದ್ರೆ ಯಾವುದನ್ನೂ ಕತ್ತರಿಸಬೇಡಿ.

ಹೊಸ ಪಟ: ಹಗಲಲ್ಲೇ ವೇಷ ಕಟ್ಟಬೇಕು

ಈಗ ದೊಡ್ಡ ಕೆಲಸಕ್ಕೆ ಬರೋಣ. ನಿಮ್ಮ ಮನೆಯಲ್ಲಿ ವೇಷಧಾರಿಯೊಬ್ಬರಿದ್ದಾರೆ, ಅಥವಾ ಊರಿನ ಹಿರಿಯ ಕಲಾವಿದರೊಬ್ಬರ ಪಟವನ್ನು ಹಳೆಯ ಕ್ರಮದಲ್ಲೇ ತೆಗೆಸಬೇಕೆಂದಿದೆ. ಮೊದಲ ಮಾತೆಂದರೆ ಆಟದ ರಾತ್ರಿ ಅದನ್ನು ಮಾಡಬೇಡಿ. ಚೌಕಿಯಲ್ಲಿ ಜಾಗ ಇರುವುದಿಲ್ಲ, ಸುತ್ತ ಪೆಟ್ಟಿಗೆ, ನೇತುಹಾಕಿದ ಬಟ್ಟೆ, ಟ್ಯೂಬ್‌ಲೈಟು. ವೇಷಧಾರಿಯ ಮನಸ್ಸು ರಂಗಸ್ಥಳದಲ್ಲಿರುತ್ತದೆ. ಮಂಗಳ ಹಾಡಿ ಬೆಳಗಾದ ಮೇಲಂತೂ ಮುಖದ ಬಣ್ಣ ಬೆವರಿಗೆ ಕದಡಿರುತ್ತದೆ. ಹಗಲು ಹೊತ್ತಿನಲ್ಲಿ ಪಟಕ್ಕೆಂದೇ ವೇಷ ಕಟ್ಟಿಸಬೇಕು. ಮೇಳಗಳು ದೀಪಾವಳಿಯ ಆಸುಪಾಸಿನಿಂದ ಮೇ ಕೊನೆಯವರೆಗೆ ತಿರುಗಾಟದಲ್ಲಿರುತ್ತವೆ, ಕಲಾವಿದರಿಗೆ ಹಗಲು ನಿದ್ದೆಯ ಹೊತ್ತು. ಆದ್ದರಿಂದ ತಿರುಗಾಟ ಹೊರಡುವ ಮುಂಚೆ, ಮಳೆ ಹಿಂದೆಗೆದ ಅಕ್ಟೋಬರ್ ಒಳ್ಳೆಯ ಕಾಲ. ವೇಷಭೂಷಣ ಮೇಳದ್ದಾದರೆ ಯಜಮಾನರ ಒಪ್ಪಿಗೆ ಕೇಳಲೇಬೇಕು. ಬಣ್ಣ ತೀಡಿ, ಮುಂಡಾಸು ಕಟ್ಟಿ ಮುಗಿಯಲು ಗಂಟೆಗೂ ಮೀರಿ ಹಿಡಿಯುತ್ತದೆ. ಕಟ್ಟಿ ತಯಾರಾದ ಮುಂಡಾಸನ್ನು ಟೋಪಿಯಂತೆ ಇಡುವುದಕ್ಕಿಂತ ತಲೆಯ ಮೇಲೇ ಕಟ್ಟಿದ್ದು ಪಟದಲ್ಲಿ ಬೇರೆಯೇ ಕಾಣುತ್ತದೆ. ಹಣೆಗೆ ಕೂತ ಅಂಚು ಸಂದಿಲ್ಲದೆ ಬರುತ್ತದೆ. ಆ ಶ್ರಮಕ್ಕೂ ಸಮಯಕ್ಕೂ ಕಲಾವಿದರಿಗೆ ಸಂಭಾವನೆ ಸಲ್ಲಬೇಕು.

ಜಾಗಕ್ಕೆ ಸ್ಟುಡಿಯೊ ಬೇಡ. ಪೂರ್ವಕ್ಕೆ ಬಾಗಿಲಿರುವ ಮನೆಯ ಜಗಲಿ ಮಧ್ಯಾಹ್ನದ ಮೇಲೆ ಅತ್ಯುತ್ತಮ ಸ್ಟುಡಿಯೊ. ಬಿಸಿಲು ಮನೆಯ ಹಿಂದಕ್ಕೆ ಸರಿದಿರುತ್ತದೆ, ಅಂಗಳದ ಕಡೆಯಿಂದ ಆಕಾಶದ ಮೆದು ಬೆಳಕು ಒಳಗೆ ಬರುತ್ತದೆ. ವಿದ್ಯುತ್ತಿಲ್ಲದ ದಿನಗಳಲ್ಲಿ ಸ್ಟುಡಿಯೊಗಳು ದೊಡ್ಡ ಕಿಟಕಿ, ಗಾಜಿನ ಮಾಡು, ಬಿಳಿ ಬಟ್ಟೆಯ ಪರದೆ ಇಟ್ಟುಕೊಂಡು ಮಾಡುತ್ತಿದ್ದುದೂ ಇದನ್ನೇ. ವೇಷಧಾರಿಯನ್ನು ಅಂಗಳಕ್ಕೆ ಪೂರಾ ಮುಖಮಾಡಿಸದೆ ಓರೆಯಾಗಿ ನಿಲ್ಲಿಸಿ. ಬೆಳಕು ಒಂದು ಬದಿಯಿಂದ ಬಿದ್ದಾಗ ಮುಂಡಾಸಿನ ಜರಿಪಟ್ಟಿಯ ಏರಿಳಿತ, ಎದೆಕಟ್ಟಿನ ಕೆತ್ತನೆ ಎದ್ದು ಬರುತ್ತವೆ. ಬೆಳಕು ಗಡುಸಾಗಿದ್ದರೆ ಜಗಲಿಯ ಅಂಚಿಗೆ ಒಂದು ಬಿಳಿ ಪಂಚೆ ಕಟ್ಟಿ. ನೆರಳು ಬದಿಯ ಮುಖ ತೀರಾ ಕಪ್ಪಾದರೆ ಅತ್ತ ಒಂದು ಥರ್ಮಾಕೋಲ್ ಹಾಳೆ ನಿಲ್ಲಿಸಿ. ಫ್ಲಾಶ್ ಮಾತ್ರ ಹಾಕಬೇಡಿ. ಬೇಗಡೆಯೂ ಕನ್ನಡಿ ಚೂರೂ ಅದನ್ನು ಹಾಗೇ ಕ್ಯಾಮೆರಾಕ್ಕೆ ವಾಪಸು ಎಸೆಯುತ್ತವೆ. ದೊಂದಿ, ಗ್ಯಾಸ್‌ಲೈಟಿನ ಕಾಲದಲ್ಲಿ ಮಿನುಗಲೆಂದು ಹುಟ್ಟಿದ ಒಡವೆ ಅದು. ಮಂದ ಬೆಳಕಿನಲ್ಲೇ ಅದರ ಸೊಗಸು.

ಹಿನ್ನೆಲೆಗೆ ಮಾಸಲು ಬೂದಿ ಬಣ್ಣದ್ದೋ ಕಂದು ಬಣ್ಣದ್ದೋ ಒಂದು ಸಾದಾ ಬಟ್ಟೆ, ಸುಕ್ಕಿಲ್ಲದ್ದು. ವೇಷಧಾರಿಗೂ ಬಟ್ಟೆಗೂ ಆರಡಿ ಅಂತರ ಬಿಟ್ಟರೆ ನೆರಳು ಬೀಳುವುದಿಲ್ಲ. ಗಾರೆ ಮಾಡದ ಕೆಂಪು ಕಲ್ಲಿನ ಗೋಡೆ ನೋಡಲು ಚೆಂದವೇ, ಆದರೆ ಕೆಂಪು ಕಸೆ ಅದರಲ್ಲಿ ಕರಗಿಹೋಗುತ್ತದೆ. ಮರವಂತೆಯ ಕಡಲ ತಡಿಗೆ ವೇಷ ಕಟ್ಟಿಕೊಂಡು ಹೋಗಿ ಫೋಟೊ ತೆಗೆಸುವುದಂತೂ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕಡಲಿನ ಗೆರೆ ಕುತ್ತಿಗೆಯ ಮೇಲೋ ಭುಜಕೀರ್ತಿಯ ಮೇಲೋ ಹಾದು ವೇಷವನ್ನು ಎರಡು ತುಂಡು ಮಾಡುತ್ತದೆ. ಉಪ್ಪು ಗಾಳಿಗೆ ಬೇಗಡೆ ಮಾಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ವಿಶಾಲ ಬಯಲಲ್ಲಿ ಕರ್ಣ ಚಿಕ್ಕವನಾಗುತ್ತಾನೆ. ರಂಗಸ್ಥಳದ ನಾಲ್ಕು ಕಂಬದ ನಡುವೆ ನಿಂತಾಗಲೇ ಅವನು ಆಳೆತ್ತರ ಮೀರಿ ಕಾಣುವುದು. ಹಳೆಯ ಫೋಟೊಗ್ರಾಫರರ ಇಕ್ಕಟ್ಟಾದ ಚೌಕಟ್ಟಿನ ಮರ್ಮ ಇದೇ ಎಂದು ನನ್ನ ನಂಬಿಕೆ.

ಕ್ಯಾಮೆರಾ ಎಷ್ಟು ದೂರ, ಎಷ್ಟು ಎತ್ತರ? ಮುಂಡಾಸು ಸೇರಿ ವೇಷ ಸುಮಾರು ಏಳಡಿ ಎತ್ತರ ಬರುತ್ತದೆ. ಮೇಲೆ ಕೆಳಗೆ ಜಾಗ ಬಿಟ್ಟು ಪೂರ್ತಿ ಹಿಡಿಯಲು 50 ಎಂ.ಎಂ. ಲೆನ್ಸಿಗೆ 12 ಅಡಿ, 85 ಎಂ.ಎಂ. ಲೆನ್ಸಿಗೆ 20 ಅಡಿ ದೂರ ಬೇಕು. ಮೊಬೈಲಿನಲ್ಲಿ ಎರಡು ಪಟ್ಟಿನ ಲೆನ್ಸ್ ಹಾಕಿ 12 ಅಡಿ ಹಿಂದೆ ಸರಿಯಿರಿ. ಸಾದಾ ಲೆನ್ಸಿನಲ್ಲಿ ಆರಡಿಗೆ ನಿಂತು ತೆಗೆದರೆ ಎದುರಿಗೆ ಚಾಚಿದ ಕೈ ಹಿಗ್ಗಿ, ಮುಂಡಾಸು ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಎತ್ತರದ ವಿಚಾರದಲ್ಲಿ ಹಳಬರ ಪಾಠ ಸ್ಪಷ್ಟ. ಕ್ಯಾಮೆರಾ ವೇಷಧಾರಿಯ ಸೊಂಟದಿಂದ ಎದೆಯ ನಡುವಿನ ಎತ್ತರಕ್ಕಿರಲಿ, ಮೇಲಕ್ಕೂ ಕೆಳಕ್ಕೂ ಬಾಗದಿರಲಿ. ಕಣ್ಣಿನ ಎತ್ತರದಿಂದ ಬಾಗಿಸಿ ಹಿಡಿದರೆ ಕಾಲು ಗಿಡ್ಡವಾಗುತ್ತದೆ, ನೆಲದಿಂದ ಮೇಲಕ್ಕೆ ಹಿಡಿದರೆ ಗಲ್ಲ ಮುಂದಾಗಿ ಮುಂಡಾಸು ಮೊಟಕಾಗುತ್ತದೆ. ಮುಕ್ಕಾಲಿ ಇದ್ದರೆ ಒಳ್ಳೆಯದು. ಅಪರ್ಚರ್ ಎಫ್ 5.6 ಅಥವಾ 8 ಇರಲಿ, ಬಿಲ್ಲಿನ ತುದಿಯಿಂದ ಭುಜಕೀರ್ತಿಯ ತುದಿಯವರೆಗೆ ಎಲ್ಲ ಸ್ಪಷ್ಟ ಬರಬೇಕು. ಮೊಬೈಲಿನ ‘ಪೋರ್ಟ್ರೇಟ್ ಮೋಡ್’ ಆರಿಸಿಬಿಡಿ. ಮುಂಡಾಸಿನ ಅಂಚು, ಕರ್ಣಪತ್ರದ ತುದಿಗಳನ್ನು ಅದು ಹಿನ್ನೆಲೆಯೆಂದು ತಿಳಿದು ಮಸುಕು ಮಾಡುತ್ತದೆ.

ಚೌಕಟ್ಟಿನೊಳಗೆ ಮುಖ ಎಲ್ಲಿ ಬರಬೇಕು ಎಂಬುದು ನನ್ನ ಮಟ್ಟಿಗೆ ಇಡೀ ವಿದ್ಯೆಯ ತಿರುಳು. ಚಿತ್ರವನ್ನು ಮೂರು ಪಾಲು ಮಾಡಿ ಕಣ್ಣನ್ನು ಮೇಲಿನ ಗೆರೆಗೆ ತನ್ನಿ ಎಂದು ಫೋಟೊಗ್ರಫಿ ತರಗತಿಯಲ್ಲಿ ಹೇಳಿಕೊಡುತ್ತಾರೆ. ವೇಷಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಮುಂಡಾಸು ವೇಷದಲ್ಲಿ ಮುಖದ ಮೇಲೆ ಇನ್ನೊಂದು ಮುಖದಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾದ ಎತ್ತರ ಇರುತ್ತದೆ. ಕಣ್ಣನ್ನು ಮೇಲಿನ ಗೆರೆಗೆ ತಂದರೆ ಮುಂಡಾಸಿನ ತುದಿ ಚೌಕಟ್ಟಿಗೆ ತಾಗಿ ಉಸಿರು ಕಟ್ಟುತ್ತದೆ. ಹಾಗಾಗಿ ಮುಖ ಸ್ವಲ್ಪ ಕೆಳಗಿಳಿಯಲಿ. ಬಣ್ಣದ ವೇಷದ ಕಿರೀಟವಾದರೆ ಮುಖ ಇನ್ನೂ ಕೆಳಗಿಳಿದು ಚಿತ್ರದ ನಡುವಿಗೇ ಹತ್ತಿರ ಬರುತ್ತದೆ, ಅದೇ ಸರಿ. ಕೇದಗೆ ಮುಂದಲೆಯ ಎಳೆಯ ವೇಷಕ್ಕೆ ಮಾತ್ರ ಸಾಮಾನ್ಯ ಲೆಕ್ಕ ಸಾಕು. ಮುಂಡಾಸಿನ ಮೇಲೆ ಒಂದು ಗೇಣು, ಪಾದದ ಕೆಳಗೆ ಅದಕ್ಕಿಂತ ಚೂರು ಕಡಿಮೆ ಜಾಗ ಬಿಡಿ. ಇಡೀ ಆಕೃತಿ ಮುಂಡಾಸಿನ ತುದಿಯಲ್ಲಿ ಮೊನಚಾಗಿ, ಭುಜಕೀರ್ತಿಯಲ್ಲಿ ಅಗಲವಾಗಿ, ಸೊಂಟದಲ್ಲಿ ಬಿಗಿದು, ಕಸೆಯಲ್ಲಿ ಮತ್ತೆ ಅರಳಿ ಪಾದಕ್ಕೆ ಬಂದು ಊರಬೇಕು. ಕೇದಗೆಯ ಹೊಡೆಯಂತೆ ಒಂದೇ ರೇಖೆಯಲ್ಲಿ ಕೆಳಗಿಂದ ಮೇಲಕ್ಕೆ ಕಣ್ಣು ಏರಬೇಕು.

ಮುಂಡಾಸು ವೇಷವನ್ನು ಮುಕ್ಕಾಲು ಮುಖಕ್ಕೆ ತಿರುಗಿಸಿ. ಎದುರಿನ ಅಲಂಕಾರವೂ ಬದಿಯ ದಪ್ಪವೂ ಒಟ್ಟಿಗೆ ಕಾಣುವುದು ಹಾಗೆ ಮಾತ್ರ. ಕಿರೀಟ ವೇಷ, ಬಣ್ಣದ ವೇಷಗಳಿಗೆ ನೇರ ಎದುರು ಮುಖವೇ ಒಪ್ಪುತ್ತದೆ. ಎಡಬಲ ಸಮವಾಗಿದ್ದಷ್ಟೂ ಗಾಂಭೀರ್ಯ ಹೆಚ್ಚು. ನೋಟವೂ ಹಾಗೆಯೇ. ಬಣ್ಣದ ವೇಷ ಲೆನ್ಸನ್ನೇ ದಿಟ್ಟಿಸಲಿ. ಉಳಿದವರು ದೇಹ ತಿರುಗಿದ ಕಡೆಗೇ, ಕ್ಯಾಮೆರಾದಿಂದ ಒಂದು ಮೊಳ ಆಚೆಗೆ ನೋಡಲಿ. “ಸ್ವಲ್ಪ ನಗಾಡಿ” ಎನ್ನಬೇಡಿ. ಕರ್ಣ ಫೋಟೊಗೆ ನಗುವುದಿಲ್ಲ.

ಕೈ ಮೈಗೆ ಅಂಟಿದರೆ ಆಕೃತಿ ಮುದ್ದೆಯಾಗುತ್ತದೆ. ಮೊಣಕೈ ಮತ್ತು ಸೊಂಟದ ನಡುವೆ ಹಿನ್ನೆಲೆ ಇಣುಕುವಷ್ಟು ಸಂದು ಬಿಡಿಸಿ. ಬಿಲ್ಲಿನ ಎರಡೂ ತುದಿ ಚೌಕಟ್ಟಿನೊಳಗಿರಲಿ. ಬಿಲ್ಲು ನೆಟ್ಟಗೆ ನಿಲ್ಲದೆ ತುಸು ಓರೆಯಾದರೆ ಭಂಗಿಗೆ ಚುರುಕು ಬರುತ್ತದೆ. ಪಾದ ಹೊರಮುಖವಾಗಿ, ರಂಗದಲ್ಲಿ ನಿಲ್ಲುವ ಹಾಗೆಯೇ. ಈ ವಿಷಯದಲ್ಲಿ ವೇಷಧಾರಿಗೆ ನೀವು ಪಾಠ ಹೇಳಬೇಕಿಲ್ಲ. ಬ್ರಹ್ಮಾವರದ ಕಡೆಯ ಹಾರಾಡಿ, ಮಟಪಾಡಿ ತಿಟ್ಟುಗಳಿಗೆ ನಿಲುವಿನಲ್ಲೇ ಅವುಗಳ ಛಾಪು ಇದೆ. ಹಾರಾಡಿ ರಾಮ ಗಾಣಿಗರು, ವೀರಭದ್ರ ನಾಯ್ಕರಂಥ ಹಿಂದಿನ ವೇಷಧಾರಿಗಳ ನಿಲುವನ್ನು ಕಣ್ಣಾರೆ ಕಂಡವರಿಂದ ಕಲಿತವರು ಇನ್ನೂ ಇದ್ದಾರೆ. “ಪದ್ಯಕ್ಕೆ ನಿಂತಂಗ್ ನಿಲ್ಲಿ” ಎಂದರೆ ಸಾಕು, ದೇಹ ತಾನೇ ಹೊಂದಿಕೊಳ್ಳುತ್ತದೆ. ಒಬ್ಬರು ಮೆಲ್ಲಗೆ ಪದ ಹೇಳಿದರಂತೂ ಕಣ್ಣಿಗೂ ಕಳೆ ಬರುತ್ತದೆ. ಕ್ಲಿಕ್ಕಿಸುವ ಮೊದಲು ಕಣ್ಣು ಅರೆಮುಚ್ಚಿ ನೋಡಿ. ಬಣ್ಣ, ವಿವರಗಳೆಲ್ಲ ಮಸುಕಾಗಿ ಬರಿಯ ಕಪ್ಪು ಆಕಾರ ಉಳಿದಾಗಲೂ ಅದು ಇಂಥ ವೇಷವೆಂದು ಗುರುತು ಹತ್ತಿದರೆ ಚೌಕಟ್ಟು ಸರಿಯಾಗಿದೆ.

ಸ್ತ್ರೀವೇಷಕ್ಕೆ ಲೆಕ್ಕಾಚಾರ ಬೇರೆ. ಭುಜಕೀರ್ತಿಯ ಅಗಲವಿಲ್ಲ, ತಲೆಯ ಎತ್ತರವಿಲ್ಲ. ಮುಖ, ಕೈಬೆರಳು, ಸೆರಗಿನ ಇಳಿಜಾರು ಇವೇ ಚಿತ್ರ. ರಥದ ಮೇಲೆ ಓರೆಯಾಗಿ ಕೂರಿಸಿ, ಮೊಣಕಾಲಿನಿಂದ ಮೇಲಕ್ಕೆ ಹಿಡಿದರೂ ನಡೆಯುತ್ತದೆ. ಗಂಡಸರೇ ಸ್ತ್ರೀವೇಷ ಮಾಡುವ ಪರಂಪರೆಯಲ್ಲಿ ಬೆಳಕು ಇನ್ನಷ್ಟು ಮೆದುವಾಗಿರಬೇಕು. ಪಕ್ಕದ ಗಡುಸು ಬೆಳಕು ದವಡೆಯ ಮೂಳೆ, ಮಣಿಕಟ್ಟನ್ನು ಎತ್ತಿ ತೋರಿಸುತ್ತದೆ.

ಮೇಳದ ಸಮೂಹ ಚಿತ್ರ ತೆಗೆಯುವುದಾದರೆ ಎತ್ತರದ ಪ್ರಕಾರ ನಿಲ್ಲಿಸುವ ಶಾಲೆಯ ಪದ್ಧತಿ ಬೇಡ. ನಡುವೆ ಭಾಗವತರು, ಅವರ ಎಡಬಲಕ್ಕೆ ಮದ್ದಳೆ, ಚಂಡೆಯವರು ಕುಳಿತಿರಲಿ. ಹಿಂದೆ ಮೇಳದ ಪ್ರಮುಖ ವೇಷವಾದ ‘ಎರಡನೇ ವೇಷ’ ಮೊದಲಾಗಿ ಮರ್ಯಾದೆಯ ಕ್ರಮದಲ್ಲಿ ವೇಷಗಳು, ತುದಿಗಳಲ್ಲಿ ಸ್ತ್ರೀವೇಷ, ಹಾಸ್ಯ. ಭುಜಕೀರ್ತಿಗಳು ಒಂದಕ್ಕೊಂದು ಅಡ್ಡ ಬಾರದಂತೆ ಇಬ್ಬರ ನಡುವೆ ಒಂದು ಅಡಿಯಾದರೂ ಬಿಡುವಿರಲಿ. ಚೌಕಿಯ ಕೆಲಸದವರನ್ನೂ ಕರೆದು ನಿಲ್ಲಿಸಿ, ಅವರ ಹೆಸರನ್ನೂ ಬರೆದುಕೊಳ್ಳಿ.

ಕೊನೆಗೆ ಪ್ರಿಂಟು. ಫೈಲನ್ನು ಮೊಬೈಲಿನಲ್ಲೇ ಬಿಟ್ಟು ಸುಮ್ಮನಾಗಬೇಡಿ. 8ಕ್ಕೆ 12 ಇಂಚಿನ ಪ್ರತಿಯನ್ನು ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಹಾಕಿಸಿ. ಹೊಳಪಿನ ಕಾಗದವಾದರೆ ಬೇಗಡೆಯ ಮಿನುಗು ಯಾವುದು, ಕಾಗದದ ಮಿನುಗು ಯಾವುದು ಎಂದೇ ತಿಳಿಯುವುದಿಲ್ಲ. ಸ್ಟುಡಿಯೊದವರು ಅಳತೆಗೆ ಹೊಂದಿಸಲೆಂದು ತಲೆಯ ಮೇಲಿನ ಜಾಗವನ್ನು ಕತ್ತರಿಸದಂತೆ ಮೊದಲೇ ಹೇಳಿಬಿಡಿ. ಸುತ್ತ ಎರಡು ಇಂಚು ರಟ್ಟಿನ ಅಂಚು, ಕೆಳಗಿನ ಅಂಚು ಮಾತ್ರ ಮೂರು ಇಂಚು. ಗಾಜು ಚಿತ್ರಕ್ಕೆ ತಾಗದಂತೆ ದೂರ ಹಿಡಿಯುವುದು ಆ ರಟ್ಟಿನ ದಪ್ಪವೇ. ಕೆಳಗಿನ ಅಗಲ ಜಾಗದಲ್ಲಿ ವೇಷದ ಹೆಸರೂ ವೇಷಧಾರಿಯ ಹೆಸರೂ ಎದುರಿಗೇ ಕಾಣುವಂತೆ ಬರೆಸಿ. ಎರಡು ಪ್ರತಿ ಹಾಕಿಸಿ, ಒಂದು ಮನೆಗೆ, ಇನ್ನೊಂದು ವೇಷ ಕಟ್ಟಿದವರಿಗೆ.